ಬೇಸ್ ಬಾರಿಸುತ್ತಿದ್ದ ನಮ್ಮ ಚನ್ನು

ನಮ್ಮ ಚನ್ನು ಗಿಟಾರಿನ ತಲೆಯನ್ನು ನನ್ನ ಅಲ್ಮಾರಿಗೆ ಆನಿಸಿ ಬಾರಿಸುತ್ತಿದ್ದ. ಗೋಡೆಗಲ್ಲ, ಮೇಜಿಗಲ್ಲ, ನನ್ನ ತವರಿನಿಂದ ಬಂದು ಪಡಸಾಲೆಯಲ್ಲಿ ನಿಂತಿದ್ದ ಸಾಗವಾನಿ ಅಲ್ಮಾರಿಗೇ. ಮಧ್ಯಾಹ್ನ ಊಟವಾಗಿ ಮಾವನವರು ಅಡ್ಡಾದ ಮೇಲೆ ಮನೆಯಲ್ಲಿ ಆಂಪ್ಲಿಫೈಯರ್ ಹಚ್ಚುವಂತಿರಲಿಲ್ಲ. ಕರೆಂಟಿಲ್ಲದ ಬೇಸ್ ಗಿಟಾರು ಸೊಳ್ಳೆಯಷ್ಟೂ ಸದ್ದು ಮಾಡುವುದಿಲ್ಲ. ಆದರೆ ಅದರ ತಲೆ ಒಳ್ಳೆಯ ಕಟ್ಟಿಗೆಗೆ ತಾಗಿತೋ, ಕಟ್ಟಿಗೆಯೇ ಹಾಡಲು ಶುರು. ಒಳಗಿದ್ದ ನನ್ನ ಟೀ ಸೆಟ್ಟು, ಗಾಜಿನ ಬಳೆ ಎಲ್ಲ ಝಿಣಿಝಿಣಿ ಅನ್ನುತ್ತಿದ್ದವು.

"ಚನ್ನು! ಮೈ ಕಪ್ಸ್!" ಅಂತ ಒಳಗಿಂದ ಕೂಗುತ್ತಿದ್ದೆ.

"ವೈನಿ, ನಿಮ್ಮ ತವರ್ಮನಿ ಕಟಗಿ ಭಾಳ ಚಲೋ ಅದರಿ. ನಮ್ಮನ್ಯಾಗ ಇಂಥಾದ್ದು ಒಂದೂ ಇಲ್ಲ."

ತವರನ್ನು ಹೊಗಳಿದರೆ ಯಾವ ಹೆಣ್ಣು ಸೋಲುವುದಿಲ್ಲ? ನಾನು ಸುಮ್ಮನಾಗುತ್ತಿದ್ದೆ. ಕಪ್ಪುಗಳು ನಡುಗುತ್ತಲೇ ಇದ್ದವು.

ಚನ್ನು ಅಂದರೆ ಚನ್ನಬಸಪ್ಪ, ನಮ್ಮವರ ಬೆನ್ನಿಗೆ ಹುಟ್ಟಿದವನು. ಸೋಲಾಪುರದಲ್ಲಿ ನಮ್ಮದು ನೂಲಿನ ವ್ಯಾಪಾರ. ಚಾದರ ನೇಯುವ ಮಗ್ಗದವರೆಲ್ಲ ನಮ್ಮ ಗಿರಾಕಿಗಳು. ಚನ್ನು ಮಧ್ಯಾಹ್ನದ ಊಟದ ಹೊತ್ತು ಬಿಟ್ಟರೆ ದಿನವೆಲ್ಲ ಅಂಗಡಿಯ ಗಾದಿಯ ಮೇಲೆ ಕೂತು ನೂಲನ್ನು ಬೆರಳಲ್ಲಿ ಹೊಸೆದು ನೋಡುತ್ತಿದ್ದ, ಸಂಜೆ ಅದೇ ಬೆರಳಲ್ಲಿ ತಂತಿ ಮಿಡಿಯುತ್ತಿದ್ದ. ತಂತಿಗಳಿಗೂ ನೂಲಿನದೇ ಹೆಸರು ಇಟ್ಟಿದ್ದ. ನೂಲಿನಲ್ಲಿ ನಂಬರು ಕಡಿಮೆಯಾದಷ್ಟೂ ಎಳೆ ದಪ್ಪ. ಹಾಗಾಗಿ ಎಲ್ಲಕ್ಕಿಂತ ದಪ್ಪ ತಂತಿ ಹತ್ತು, ಆಮೇಲೆ ಇಪ್ಪತ್ತು, ಮೂವತ್ತು, ನಲವತ್ತು. "ಇವತ್ತ ಹತ್ತು ಯಾಕೋ ಮಕಾ ಸಣ್ಣ ಮಾಡ್ಯದ ನೋಡ್ರಿ," ಅನ್ನುತ್ತಿದ್ದ, ಮನೆಯ ಕೂಸಿಗೆ ಜ್ವರ ಬಂದವರ ಹಾಗೆ. ಮಕ ಸಣ್ಣ ಮಾಡಿದ ತಂತಿಗಳನ್ನು ಬಿಚ್ಚಿ ನೀರಲ್ಲಿ ಕುದಿಸಿದರೆ ಜಿಡ್ಡು ಬಿಟ್ಟು ದನಿ ಬರುತ್ತದಂತೆ. ಒಮ್ಮೆ ನನ್ನ ಹಾಲಿನ ಪಾತೇಲಿಯಲ್ಲೇ ಕುದಿಯಲು ಇಟ್ಟಿದ್ದ. ಪಕ್ಕದ ಮನೆಯವಳು ಮುಚ್ಚಳ ತೆಗೆದು, "ಯವ್ವಾ, ಕಬ್ಬಿಣದ ಶಾವಿಗಿ!" ಅಂತ ಚೀರಿದಳು. ಡಿಸ್ಗಸ್ಟಿಂಗ್, ಆ ಪಾತೇಲಿಯನ್ನು ಮತ್ತೆ ಒಲೆಗೇರಿಸಲಿಲ್ಲ.

ಮನೆಯಲ್ಲಿ ಅವನಿಗೆ ನಾನೊಬ್ಬಳೇ ಕೇಳುವವಳು. ಕಾನ್ವೆಂಟಿನಲ್ಲಿ ಸಿಸ್ಟರ್ ಅಗ್ನೆಸ್ ನನಗೆ ಪಿಯಾನೋ ಕಲಿಸಿದ್ದರು. ಅದರಲ್ಲಿ ಬಲಗೈಗೆ ಹಾಡು, ಎಡಗೈಗೆ ಕೆಳಗಿನ ದಪ್ಪ ಸ್ವರಗಳು. ನನ್ನ ಬಲಗೈ ಚುರುಕು, ಎಡಗೈ ದಂಡ. "ಚೈಲ್ಡ್, ಯುವರ್ ಲೆಫ್ಟ್ ಹ್ಯಾಂಡ್ ಈಸ್ ಅಸ್ಲೀಪ್," ಅಂದು ಬೆರಳಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಹೇಳಿದಾಗ ಚನ್ನುವಿನ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. "ಅಂದ್ರ ನಿಮಗ ಎಡಗೈ ಅಂದ್ರ ಏನಂತ ಗೊತ್ತದ! ವೈನಿ, ನಂದು ಪೂರ್ತಿ ಎಡಗೈದ ಕೆಲಸಾರಿ."

ಅವನ ಮತಗಳು ಬಹಳ, ಅಪೀಲಿಗೆ ಅವಕಾಶವಿಲ್ಲ. ಬೆರಳು ಬಿಟ್ಟು ಪ್ಲೆಕ್ಟ್ರಮ್ಮಿನ ಬಿಲ್ಲೆ ಹಿಡಿದು ಬಾರಿಸುವವರು ಚಮಚದಿಂದ ರೊಟ್ಟಿ ತಿನ್ನುವವರು. ಐದು ತಂತಿಯ ಬೇಸ್ ಶುದ್ಧ ಮೂರ್ಖತನ: "ನಾಕ ಕಾಲಿನ ಹೊರಸಿಗೆ ಐದನೇ ಕಾಲ್ ಹಚ್ಚಿ ಯಾರು ಮಲಗಾವ್ರು?" ಅವನ ಗಿಟಾರು ಪುಣೆಯ ಯಾರೋ ವಾದ್ಯಗಾರರು ಬಾರಿಸಿ ಬಿಟ್ಟದ್ದು, ಆಂಪ್ಲಿಫೈಯರಿನ ಪೆಟ್ಟಿಗೆಯನ್ನು ನಮ್ಮ ಹಳೇ ಅಂಗಡಿಯ ಗಲ್ಲೆಯ ಹಲಗೆಗಳಿಂದ ಬಡಗಿಯ ಮುಂದೆ ಕೂತು ಮಾಡಿಸಿದ್ದ. ಎತ್ತಲು ಇಬ್ಬರು ಆಳು ಬೇಕು. ಹಗುರ ಪೆಟ್ಟಿಗೆಯಿಂದ ಹಗುರ ಮಾತೇ ಬರುತ್ತದೆ ಅನ್ನುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಮತ ಹಂದರದ್ದು. "ಹಾಡಾವ್ರು ಅಂದ್ರ ಮದುವಿ ಗಂಡು ಇದ್ದಂಗ್ರಿ ವೈನಿ. ಬೇಸ್ ಅಂದ್ರ ಹಂದರದ ಗೂಟ. ಗೂಟಕ್ಕ ಯಾರರ ಮಾಲಿ ಹಾಕ್ತಾರೇನು? ಹಾಕಂಗಿಲ್ಲ, ಹಾಕಲೂಬಾರ್ದು. ಆದ್ರ ಒಂದು ಗೂಟ ಕಿತ್ತಿ ನೋಡ್ರಿ. ಆಗ ಎಲ್ಲಾರೂ ಹೊಳ್ಳಿ ನೋಡ್ತಾರ."

ಈ ಮಾತಿನ ಮೇಲೆಯೇ ಅವನು ಬದುಕು ಕಟ್ಟಿದ್ದ. ಪಾಪ, ಎಂಥ ಜಾಗದಲ್ಲಿ ಕಟ್ಟಿದ!

ಅವನಿಗೆ ಲಗ್ನವಾಗಲಿಲ್ಲ. ಅದಕ್ಕೂ ಈ ಬೇಸೇ ಕಾರಣ ಅಂದರೆ ನೀವು ನಂಬಲಿಕ್ಕಿಲ್ಲ. ಅಕ್ಕಲಕೋಟೆಯಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆವು. ಒಳ್ಳೆಯ ಮನೆತನ, ಹುಡುಗಿ ಸ್ವಲ್ಪ ಮೈತುಂಬಿಕೊಂಡವಳು. ಉಪ್ಪಿಟ್ಟು, ಚಹಾ ಆದ ಮೇಲೆ ಹುಡುಗಿಯ ತಂದೆ ಕೇಳಿದರು:

"ತಮ್ಮಾ, ಅಂಗಡಿ ಬಿಟ್ಟು ಮತ್ತೇನರ ಹವ್ಯಾಸ?"

"ಬೇಸ್ ಬಾರಸ್ತೀನ್ರಿ."

ನಮ್ಮ ಕಡೆ ಬೇಸ್ ಅಂದರೆ ಚೆಂದ, ಒಳ್ಳೆಯದು. ಕನ್ನಡದವರೂ ಅನ್ನುತ್ತೇವೆ, ಮರಾಠಿಯವರೂ ಅನ್ನುತ್ತಾರೆ.

"ಬೇಸ್ ಬಾರಸ್ತೀಯಪಾ, ಖರೆ. ಆದ್ರ ಏನ್ ಬಾರಸ್ತಿ?"

"ಬೇಸೇ ಬಾರಸೂದ್ರಿ."

"ಅದನ್ನ ಕೇಳಿದವ್ರು ಹೇಳ್ಬೇಕಪಾ. ನಮ್ಮದು ನಾವ ಬೇಸ್ ಅನಕೋಬಾರ್ದು."

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆಯವರು ನನ್ನ ತೊಡೆ ಚಿವುಟಿದರು. ಚನ್ನು ಬೆವತು ಹೋಗಿ, "ಹಂಗಲ್ರಿ ಮಾಮಾ, ಗಿಟಾರದಾಗ ದಪ್ಪಂದು ಇರತದಲ್ರಿ, ಅದು," ಅಂದ. ಒಳಗಿಂದ ಹುಡುಗಿಯ ಅಜ್ಜಿಯ ದನಿ ಬಂತು: "ಯಾರಿಗಂತಾನ್ರೇ ಅಂವಾ ದಪ್ಪಂದು ಅಂತ?"

ಅಲ್ಲಿಗೆ ಮುಗಿಯಿತು. ಹುಡುಗನಿಗೆ ಸೊಕ್ಕು, ನಾಲಿಗೆ ಸರಿಯಿಲ್ಲ ಅಂತ ಹೇಳಿ ಕಳಿಸಿದರು. ವರ್ಷಗಟ್ಟಲೆ ಮನೆಯಲ್ಲಿ ಇದೇ ಜೋಕು, ಹಬ್ಬಕ್ಕೆ ಯಾರು ಬಂದರೂ "ಚನ್ನೂ, ಬೇಸ್ ಬಾರಸ್ತೀಯಪಾ, ಆದ್ರ ಏನ್ ಬಾರಸ್ತಿ?" ಅವನೂ ನಗುತ್ತಿದ್ದ. ಆದರೆ ಇನ್ನೊಂದು ಹೆಣ್ಣು ನೋಡಲು ಒಪ್ಪಲಿಲ್ಲ. "ಹೆಸರ ಹೇಳಿದ್ರ ತಿಳೀದಂಥಾದ್ದು ಬಾರಸ್ತೀನಿ ವೈನಿ. ಮನಿ ಮನಿಗಿ ಹೋಗಿ ಏನಂತ ಹೇಳ್ಲಿ?"

ಅವನ ಆರ್ಕೆಸ್ಟ್ರಾ ಅಂದರೆ ಗೆಳೆಯರ ಗುಂಪು. ನೆಂಟರ ಮದುವೆ, ಓಣಿಯ ಗಣಪತಿ, ಬ್ಯಾಂಕಿನವರ ಗ್ಯಾದರಿಂಗು. ಹಳೆಯ ಸಿನಿಮಾ ಹಾಡು, ಒಂದೆರಡು ಅಭಂಗ, ಒಂದೆರಡು ವಚನ. ಕೀಬೋರ್ಡಿಗೆ ವಿಲಾಸ, ಬಹಳ ಒಳ್ಳೆಯ ಮನುಷ್ಯ, ಚನ್ನುವಿನ ಜೀವದ ಗೆಳೆಯ. ಕೆಲವು ವರ್ಷದ ಹಿಂದೆ ವಿಲಾಸ ಹೊಸ ಕೀಬೋರ್ಡು ತಂದ. ಅದರಲ್ಲಿ ಒಂದು ಬೆರಳು ಒತ್ತಿದರೆ ಡ್ರಮ್ಮು, ತಬಲಾ, ಬೇಸ್ ಎಲ್ಲ ತಾವೇ ಬರುತ್ತವೆ. ಡ್ರಮ್ಮಿನವನು ಬಿಟ್ಟು ಹೋದ. ತಬಲಾದವರು ತೀರಿಕೊಂಡರು, ಬದಲಿ ಯಾರನ್ನೂ ಹುಡುಕಲಿಲ್ಲ. ಚನ್ನುವಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಅವನೂ ಆಳುಗಳಿಂದ ಪೆಟ್ಟಿಗೆ ಹೊರಿಸಿಕೊಂಡು ಹೋಗುತ್ತಲೇ ಇದ್ದ. "ಮಶೀನದ ಬೇಸಿಗೆ ಉಸಿರಿಲ್ರಿ," ಅನ್ನುತ್ತಿದ್ದ. "ಅದು ಟೈಮಿಗೆ ಬರತದ. ಬೇಸ್ ಕೂದಲೆಳಿಯಷ್ಟು ತಡಾ ಮಾಡಿ ಬರಬೇಕು. ಹಿರ್ಯಾರು ಹಂದರದಾಗ ಬಂದಂಗ."

ಆಮೇಲೆ ನನ್ನ ನಾದಿನಿಯ ಮೊಮ್ಮಗನ ಮದುವೆ ಬಂತು, ಅದೇ ಅಕ್ಕಲಕೋಟೆಯಲ್ಲಿ. ಮಂಗಲ ಕಾರ್ಯಾಲಯದಲ್ಲಿ ಊಟದ ಹೊತ್ತಿಗೆ ಇವರ ಹಾಡು. ನಾನು ಮುಂದಿನ ಸಾಲಿನ ಸೋಫಾದಲ್ಲಿ, ಚನ್ನುವಿನ ಎದುರಿಗೇ ಕೂತಿದ್ದೆ. ಬಿಳಿ ಅಂಗಿ, ಕಣ್ಣು ಮುಚ್ಚಿ ಬಾರಿಸುತ್ತಿದ್ದ. ನಡುನಡುವೆ ಕಣ್ಣು ತೆರೆದು ನನ್ನತ್ತ ನೋಡುತ್ತಿದ್ದ. ನಾನು ನಕ್ಕು ತಲೆದೂಗುತ್ತಿದ್ದೆ.

ಸಂಜೆ ಇಬ್ಬರೂ ಕಾರಿನಲ್ಲಿ ಹೊರಟೆವು. ನಮ್ಮವರು ತೀರಿಹೋದ ಮೇಲೆ ನನ್ನ ಓಡಾಟವೆಲ್ಲ ಚನ್ನುವಿನ ಜೊತೆಗೇ. ಕುಂಭಾರಿಯಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ಚನ್ನು ಎರಡು ಕಪ್ಪು ತಂದು ಒಂದನ್ನು ಕಿಟಕಿಯಿಂದ ನನಗೆ ಕೊಟ್ಟು, ಹೊರಗೇ ನಿಂತ.

"ಹ್ಯಾಂಗಾದ್ವುರಿ ವೈನಿ, ಹಾಡು?"

"ವೆರಿ ನೈಸ್, ಚನ್ನು. ಖರೇನ."

"ಬೇಸ್ ಕೇಳಸ್ತೇನ್ರಿ?"

"ಎದುರಿಗೇ ಕೂತಿದ್ದೆನಲ್ಲೋ, ಕೇಳಸದ ಏನು! ಬ್ಯೂಟಿಫುಲ್."

ಅವನು ರಸ್ತೆಯತ್ತ ತಿರುಗಿದ. ಶೇರಿನ ಆಟೋಗಳು ಸೋಲಾಪುರದಿಂದ ಕೆಲಸ ಮುಗಿಸಿದವರನ್ನು ತುಂಬಿಕೊಂಡು ಬಂದು ಇಳಿಸುತ್ತಿದ್ದವು.

"ಮೂರನೇ ಹಾಡಿನ್ಯಾಗ ಜ್ಯಾಕ್ ಕಿತ್ತಿತ್ರಿ," ಅಂದ. "ಗಿಟಾರದ್ದು. ನನ್ನ ಕಾಲೇ ವೈರಿಗೆ ತೊಡಕ್ಯದ. ನೆಲದ ಮ್ಯಾಲ ಬಿದ್ದಿತ್ತು."

"ಮತ್ತ?"

"ಬಗ್ಗಿ ಚುಚ್ಚಿದ್ರ ಮುಗೀತಿತ್ತು. ಚುಚ್ಚಲಿಲ್ಲ. ಇಷ್ಟು ವರ್ಷ ಗೂಟ, ಗೂಟ ಅಂತ ಹೇಳ್ಕೋತ ಬಂದೀನಲ್ರಿ. ಯಾರರ ಹೊಳ್ಳಿ ನೋಡ್ತಾರೇನು, ಒಮ್ಮಿ ನೋಡೇಬಿಡೂಣು ಅಂದೆ."

"ವಿಲಾಸ?"

"ಅಂವಾ ನಕ್ಕೋತ ಹಾಡಾವ್ರಿಗಿ ಸನ್ನಿ ಮಾಡಾಕತ್ತಿದ್ದ. ನಾ ಬಿಡಲಿಲ್ರಿ ವೈನಿ. ಕಡೀ ಹಾಡಿನ ತನಕಾ ಬಾರಿಸಿದೆ. ಒಂದು ತಪ್ಪಿಲ್ಲದ ಬಾರಿಸಿದೆ." ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ನೀವರ ನೋಡ್ತೀರಂತ ತಿಳಿದಿದ್ದೆ. ನಿಮಗ ಎಡಗೈ ಗೊತ್ತದಲ್ಲ."

ನಾನು ಕೇಳಿದ್ದು ವಿಲಾಸನ ಕೀಬೋರ್ಡಿನ ಬೇಸು. ಅದನ್ನೇ ಬ್ಯೂಟಿಫುಲ್ ಅಂದಿದ್ದೆ. "ಚನ್ನು, ಆ ಮಶೀನಿನ ಸದ್ದಿನಲ್ಲಿ ಹೇಗಪ್ಪಾ ಗೊತ್ತಾಗಬೇಕು," ಅಂತ ಏನೋ ಶುರು ಮಾಡಿದೆ. ಅವನು ಕೈಯೆತ್ತಿ ತಡೆದ.

"ಬೇಸ್ ಆತ್ ಬಿಡ್ರಿ. ಗೊತ್ತಾತಲ್ಲ."

ಮತ್ತೆ ಅವನು ಬಾರಿಸಲಿಲ್ಲ. ಸಿಟ್ಟಿಲ್ಲ, ಸೆಡವಿಲ್ಲ. ಕೈ ನೋಯುತ್ತದೆ ಅಂತ ವಿಲಾಸನಿಗೆ ಹೇಳಿದ. ವಿಲಾಸ "ಆರಾಮ ಮಾಡಪಾ" ಅಂದ. ಮುಂದಿನ ಪ್ರೋಗ್ರಾಮು ನಡೆಯಿತು, ಅದರ ಮುಂದಿನದೂ ನಡೆಯಿತು. ಪೆಟ್ಟಿಗೆಯ ಮೇಲೆ ಯಾರೋ ಒಂದು ಟಾವೆಲ್ ಹಾಸಿ ನೀರಿನ ಫಿಲ್ಟರ್ ಇಟ್ಟರು. ಮಧ್ಯಾಹ್ನ ನನ್ನ ಕಪ್ಪುಗಳು ನಡುಗುವುದು ನಿಂತಿತು. ಆ ಸುಮ್ಮನಿರುವಿಕೆ ನನ್ನನ್ನು ಎಬ್ಬಿಸಿ ಕೂರಿಸಿತು ಅಂತ ಬರೆಯಬೇಕು ಅನ್ನಿಸುತ್ತದೆ. ಆದರೆ ಆನೆಸ್ಟ್ಲಿ, ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಕೊನೆಯ ಸಲ ಅವನನ್ನು ಮಾತಾಡಿಸಿದ್ದು ವಿಜಾಪುರ ರಸ್ತೆಯ ಆಸ್ಪತ್ರೆಯಲ್ಲಿ. ಎದೆಯಲ್ಲಿ ನೀರು ತುಂಬಿತ್ತು. ಕೆಳಗೆ ರಸ್ತೆಯಲ್ಲಿ ಯಾವುದೋ ಮೆರವಣಿಗೆ, ಟ್ರಕ್ಕಿನ ಮೇಲೆ ಗೋಡೆಯಷ್ಟು ಎತ್ತರದ ಡಿಜೆ. ಕಿಟಕಿಯ ಗಾಜು, ಔಷಧದ ಬಾಟಲಿ, ಸಲೈನಿನ ಕಂಬ ಎಲ್ಲ ನಡುಗುತ್ತಿದ್ದವು. ಹುಡುಗರು "ಬೇಸ್ ವಾಢವ ರೇ, ಬೇಸ್!" ಅಂತ ಅರಚುತ್ತಿದ್ದರು. ಬೇಸ್ ಏರಿಸಬೇಕಂತೆ. ನಾನು ಕಿಟಕಿ ಮುಚ್ಚಲು ಎದ್ದೆ. ಚನ್ನು ಮಂಚದ ಕಬ್ಬಿಣದ ಸರಳಿನ ಮೇಲೆ ಅಂಗೈ ಇಟ್ಟುಕೊಂಡು ಮಲಗಿದ್ದ.

"ಇರ್ಲಿ ಬಿಡ್ರಿ ವೈನಿ," ಅಂದ. ಉಸಿರು ಸಾಲುತ್ತಿರಲಿಲ್ಲ. "ಅಕ್ಕಲಕೋಟಿ ಮಾಮಾ ಇರಬೇಕಿತ್ತು. ಬೇಸ್ ಅಂದ್ರ ಏನಂತ ಈಗ ಕೇಳ್ತಿದ್ದಿಲ್ಲ."

ಇಬ್ಬರೂ ನಕ್ಕೆವು. ನಗು ಅವನಿಗೆ ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದ: "ಮನಿಗಿ ಹೋದಮ್ಯಾಲ ಗಿಟಾರದ ತಂತಿ ಸಡ್ಲ ಮಾಡ್ರಿ. ಬಾರಸವ್ರಿಲ್ಲಾಂದ್ರ ಬಿಗದಿಡಬಾರ್ದು, ಕುತಗಿ ಬಾಗತದ."

"ನೀನೇ ಬಂದು ಮಾಡಪಾ," ಅಂದೆ.

ಅವತ್ತೇ ಮನೆಗೆ ಬಂದು ಸಡಿಲ ಮಾಡಿದೆ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ಹತ್ತರ ಬಿರಡೆ ಬಿಗಿಯಾಗಿತ್ತು, ನನ್ನ ಕೈಗೆ ಸುಲಭಕ್ಕೆ ತಿರುಗಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು.

ದಿನಕರ್ಮವೆಲ್ಲ ಮುಗಿದ ಮೇಲೆ ವಿಲಾಸ ಚನ್ನುವಿನ ನೆನಪಿಗೆ ಒಂದು ಕಾರ್ಯಕ್ರಮ ಇಟ್ಟ. ಮನೆಗೆ ಬಂದು ಅಳುತ್ತ ಗಿಟಾರು ಕೇಳಿ ತೆಗೆದುಕೊಂಡು ಹೋದ. ಸ್ಟೇಜಿನ ಮೇಲೆ ಒಂದು ಕುರ್ಚಿ, ಕುರ್ಚಿಗೆ ಆನಿಸಿದ ಗಿಟಾರು, ಅದಕ್ಕೆ ಮಲ್ಲಿಗೆಯ ದೊಡ್ಡ ಮಾಲೆ. ಸಡಿಲ ಮಾಡಿದ ತಂತಿಗಳು ಮಾಲೆಯ ಕೆಳಗೆ ಜೋತು ಬಿದ್ದಿದ್ದವು.

ಇವತ್ತಾದರೂ ನಾನು ಹೊಳ್ಳಿ ನೋಡಬೇಕು ಅಂದುಕೊಂಡು ಹೋಗಿದ್ದೆ. ಹಾಡು ಶುರುವಾದ ಕೂಡಲೇ ಕಣ್ಣು ಮುಚ್ಚಿದೆ. ಸಿಸ್ಟರ್ ಅಗ್ನೆಸ್ ಹೇಳಿಕೊಟ್ಟಂತೆ ಬಲಗೈ ಬಿಟ್ಟು ಎಡಗೈಯನ್ನಷ್ಟೇ ಕೇಳತೊಡಗಿದೆ. ಎಲ್ಲೋ ಒಂದು ಕಡೆ ತೂತು ಇರಲೇಬೇಕು, ಕೂದಲೆಳೆಯಷ್ಟಾದರೂ. ಒಂದು ಹಾಡಾಯಿತು. ಇನ್ನೊಂದಾಯಿತು. ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ತಾಳ ಹಾಕುತ್ತಿದ್ದರು. ಕೀಬೋರ್ಡಿನ ಬೇಸು ಟೈಮಿಗೆ ಸರಿಯಾಗಿ ಬರುತ್ತಿತ್ತು. ಕೊನೆಯ ಹಾಡಿನವರೆಗೂ ಹುಡುಕಿದೆ. ಎಲ್ಲಿಯೂ ಏನೂ ಕಡಿಮೆಯಾಗಿರಲಿಲ್ಲ.

ಕಣ್ಣು ತೆರೆದೆ. ಗೂಟಕ್ಕೆ ಮಾಲೆ ಹಾಕಿದ್ದರು. ಹಂದರ ನಿಂತೇ ಇತ್ತು.

ವಿಲಾಸ ಸ್ಟೇಜಿನಿಂದ ಇಳಿದು ನೇರ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡ. ಅವನ ಕಣ್ಣು ಇನ್ನೂ ಒದ್ದೆಯಾಗಿತ್ತು.

"ವೈನಿ, ಹ್ಯಾಂಗಾತ್ರಿ ಪ್ರೋಗ್ರಾಮು?"

"ಬೇಸ್ ಆತಪಾ," ಅಂದೆ.