ಎಡಗಡೆಯ ಡಬ್ಬಿ

ಮಧ್ಯಾಹ್ನ ನಾಲ್ಕು ಇಪ್ಪತ್ತಕ್ಕೆ ಮೈಕ್ರೊವೇವ್ ಕೂಗಿತು. ಅಣ್ಣನ ಹೆಂಡತಿ, ನನ್ನ ವೈನಿ, ಬಾಗಿಲು ತೆಗೆದು ಮಗ್ಗನ್ನು ಹೊರಗಿಟ್ಟಳು. ಕೇಕು ಉಬ್ಬಿರಲಿಲ್ಲ. ಅವಳು ಅದನ್ನು ಚಮಚದಿಂದ ಒತ್ತಿ ನೋಡಿದ್ದು, ಅವ್ವ ನಕ್ಕಿದ್ದು, ನಾನು ಮೊಬೈಲಿನಿಂದ ಕಣ್ಣೆತ್ತದೇ ಇದ್ದದ್ದು, ಎಲ್ಲವೂ ಅದೇ ಕ್ರಮದಲ್ಲಿ ಇಂದಿಗೂ ಕಣ್ಣ ಮುಂದೆ ಬರುತ್ತವೆ.

ಸುರಪುರದ ರಂಗಂಪೇಟೆಯ ನಮ್ಮ ಮನೆಗೆ ಆ ಯಂತ್ರ ಬಂದು ವಾರವಾಗಿತ್ತು. ಅಣ್ಣ ಯಾದಗಿರಿಯಿಂದ ತಂದಿದ್ದ. ಅವ್ವನಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ.

"ಒಲಿ ಇಲ್ಲ, ಉರಿ ಇಲ್ಲ. ಒಂದೂವರಿ ನಿಮಿಷದಾಗ ಏನ್ ಬೇಯ್ತದ? ಮಾಟಾ ಮಾಡಿದಂಗ ಅದ."

"ತಿಂದು ನೋಡ್ರಿ ಅತ್ತಿ, ಆಮ್ಯಾಲ ಬೈರಿ."

ಮೈದಾ, ಸಕ್ಕರೆ, ಕೋಕೊ, ಹಾಲು, ಎಣ್ಣೆ ಎಲ್ಲವನ್ನೂ ವೈನಿ ಆ ಮಗ್ಗಿನಲ್ಲೇ ಕಲಸಿದ್ದಳು. ಒಬ್ಬರಿಗೆ ಒಂದು ಮಗ್ಗು, ಮೊದಲನೆಯದು ಅವ್ವನಿಗೆ. "ಕೇಕಲ್ಲವ್ವ ಇದು, ದಪ್ಪಾನ ರೊಟ್ಟಿ" ಎನ್ನುತ್ತಲೇ ಅವ್ವ ಪೂರ್ತಿ ತಿಂದಳು. ಉಬ್ಬಲಿಲ್ಲವೆಂದು ವೈನಿ ಎರಡನೆಯದನ್ನು ಮಾಡಲಿಲ್ಲ.

ಐದೂವರೆಗೆ ಅವ್ವನಿಗೆ ವಾಂತಿ ಶುರುವಾಯಿತು. ಹಸಿರು ಬಣ್ಣದ ವಾಂತಿ. ಅದು ನಿಲ್ಲದಿದ್ದಾಗ, ಕೇಕಿಗೆ ಏನು ಬಿದ್ದಿದೆಯೆಂದು ನೋಡಲು ಅಡುಗೆಮನೆಗೆ ಓಡಿದೆ. ಕಟ್ಟೆಯ ಮೇಲೆ ತೊಗರಿಬೇಳೆಯ ಪೌಡರ್ ಡಬ್ಬಿ ತೆರೆದಿತ್ತು. ಬೇಳೆಗೆ ಹುಳ ಬೀಳದಿರಲೆಂದು ಬೆರೆಸುವ ಬೋರಿಕ್ ಪುಡಿ ಅದು. ಅಡುಗೆಗೆ ಮುಂಚೆ ಬೇಳೆಯನ್ನು ಚೆನ್ನಾಗಿ ತೊಳೆಯುತ್ತೇವೆ. ನಮ್ಮ ಮನೆಯಲ್ಲಿ ಪೌಡರ್ ಎಂದರೆ ಅದೊಂದೇ. ಮಗ್ಗು ಆಗಲೇ ತೊಳೆದು ಬೋರಲಾಗಿತ್ತು.

ಹಿಂದಿನ ದಿನವಷ್ಟೇ ಅವ್ವ ವೈನಿಗೆ ಬೈದಿದ್ದಳು. ಆಸ್ಪತ್ರೆಗೆ ಹೋಗುವಾಗ ಗಾಡಿಯಲ್ಲಿ ನಾನು ಅವ್ವನ ಮುಖಕ್ಕಿಂತ ವೈನಿಯ ಕೈಗಳನ್ನೇ ಹೆಚ್ಚು ನೋಡಿದೆ. ಅವ್ವನ ಕಿಡ್ನಿ ಮೊದಲೇ ಸೋತಿತ್ತು. ಎರಡು ದಿನ ಮೂತ್ರ ಸರಿಯಾಗಿ ಹೋದರೆ ಉಳಿಯುತ್ತಾರೆ, ಇಲ್ಲದಿದ್ದರೆ ಹೇಳಲಾಗದು ಎಂದರು ಡಾಕ್ಟರು.

"ಮಗ್ಗ್ ಯಾಕ ತೊಳದಾಳ, ಕೇಳಿಯೇನು?" ಎಂದೆ ಅಣ್ಣನಿಗೆ.

"ಬಾಯಿ ಮುಚ್ಚು. ಓದಿದಾಕಿ ನೀ."

ಬೈದನೇನೋ ನಿಜ. ಆದರೆ ವೈನಿ ಚಹಾ ತಂದುಕೊಟ್ಟಾಗ ಅವನು ಲೋಟದೊಳಗೆ ಒಂದು ಸಲ ಇಣುಕಿ ನೋಡಿ, ಪಕ್ಕಕ್ಕಿಟ್ಟ. ಅವಳು ಅದನ್ನು ಕಂಡಳು.

ಮೂರನೇ ದಿನ ಅಪಾಯ ಕಳೆಯಿತು. ವೈನಿ ಹೊರಗಿದ್ದಾಗ ಅವ್ವನ ಕಿವಿಯ ಹತ್ತಿರ ನನ್ನ ಸಂಶಯ ಹೇಳಿದೆ. ಅವ್ವ ನನ್ನನ್ನೇ ನೋಡಿದಳು.

"ಖೋಡಿ, ಆಕಿ ಕೇಳಿದಾಗ ಹೇಳಿದಾಕಿ ನೀನ ಅಲ್ಲೇನು?"

ಆಗ ನೆನಪಾಯಿತು. ಕೇಕು ಕಲಸುವಾಗ ಒಳಗಿನಿಂದ ವೈನಿ ಕೂಗಿದ್ದಳು: "ತಂಗಿ, ಪೌಡರ್ ಎಲ್ಲದ?" ಮೊಬೈಲ್ ನೋಡುತ್ತಲೇ ನಾನು ಅಂದಿದ್ದೆ: "ಎಡಗಡಿ ಡಬ್ಬಿ ನೋಡ್ರಿ ವೈನಿ." ಶಹಾಪುರದ ನೌಕರರ ಮನೆಯವಳು ಅವಳು, ಅಲ್ಲಿ ಬೇಳೆ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತಿತ್ತು. ಅವಳ ಪೌಡರ್ ಕೇಕು ಉಬ್ಬಿಸುವುದು, ನನ್ನದು ಹುಳ ಕೊಲ್ಲುವುದು.

ಹೊರಗಿನ ಬೆಂಚಿನ ಬಳಿ ಹೋಗಿ ಕೇಳಿದೆ: "ವೈನಿ, ನಾ ಹೇಳಿದ್ದು ನಿಮಗ ನೆನಪಿತ್ತಲ್ಲ? ಯಾಕ ಹೇಳಲಿಲ್ಲ?"

"ಹೇಳಿದ್ರ ಯಾರ್ ನಂಬ್ತಿದ್ರು? ನಿನ್ನ ಮ್ಯಾಲ ಹಾಕಾಕತ್ತಾಳ ಅಂತಿದ್ರಿ." ಬೆಂಚಿನಿಂದ ಎದ್ದು ಅಂದಳು: "ಮಗ್ಗ್ ಯಾಕ ತೊಳದೆ ಅಂದ್ರ, ಅತ್ತಿಯವರ ವಾಂತಿ ಮೊದಲ ಅದರಾಗ ಹಿಡಿದಿದ್ದೆ."

ಅಂದು ಸಂಜೆಯೇ ಅವಳು ಶಹಾಪುರಕ್ಕೆ ಹೋದಳು. ಅವ್ವ ಮನೆಗೆ ಬಂದಳು, ಊಟ ಮಾಡಿದಳು. ಆದರೂ ನಾನು ರಾತ್ರಿಯೆಲ್ಲ ಎದ್ದೆದ್ದು ಕೂರುತ್ತಿದ್ದೆ. ಅಣ್ಣನಿಗೆ ಎಲ್ಲ ಹೇಳಿದೆ; ಅವನು ತಲೆ ತಗ್ಗಿಸಿ ಹೊರಗೆ ಹೋದ. ಅಷ್ಟು ಸಾಲಲಿಲ್ಲ. ಗುರುವಾರ ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಹೋಗಿ, ವೈನಿಯ ತಂದೆ-ತಾಯಿಯ ಎದುರು ನಿಂತು, ಡಬ್ಬಿ ತೋರಿಸಿದವಳು ನಾನು, ಸಂಶಯ ಬಿತ್ತಿದವಳೂ ನಾನು ಎಂದೆ. ಅವರು ನೀರು ಕೊಟ್ಟು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ವೈನಿ ಚೀಲ ಹಿಡಿದು ಹೊರಬಂದಳು. ಸುರಪುರದವರೆಗೂ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಕೂತಿದ್ದೆವು.

ಆ ಗುರುವಾರ ರಾತ್ರಿ ಮಲಗಿದವಳು ಬಿಸಿಲು ಮುಖಕ್ಕೆ ಬಿದ್ದಾಗಲೇ ಎದ್ದೆ.