ನೂರ ಐವತ್ತೈದು ಇಂಚು

ಏಪ್ರಿಲ್ ಹನ್ನೊಂದು, ಶನಿವಾರ, ಬೆಳಗಿನ ಆರೂವರೆ. ಸ್ಥಳ ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಮನೆಯ ಗರಾಜು. ಹಾಜರಿದ್ದವರು ನಾನು, ಚಹದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನಮ್ಮವರು, ಮತ್ತು ಹೊದಿಕೆಯಡಿ ಮಲಗಿದ್ದ, ಹಿಮದ ಮೇಲೆ ಓಡಿಸುವ ನನ್ನ ಗಾಡಿ, ಸ್ನೋಮೊಬೈಲು. ಹೊದಿಕೆ ಸರಿಸಿದ ಕೂಡಲೇ ಪೆಟ್ರೋಲಿನೊಂದಿಗೆ ಎಣ್ಣೆ ಸುಟ್ಟ ವಾಸನೆ ಎದ್ದಿತು. ಹುಬ್ಬಳ್ಳಿಯಲ್ಲಿ ನಮ್ಮಪ್ಪನ ಸ್ಕೂಟರಿಗೆ ಇದೇ ವಾಸನೆ ಇತ್ತು. ಆಗ ಆ ವಾಸನೆ ಬಂದರೆ ಅಪ್ಪ ಬಂದರು ಎಂದು ಪುಸ್ತಕ ತೆಗೆಯುತ್ತಿದ್ದೆ. ಈಗ ಅದು ಬಂದರೆ ರಾಘು ನೆನಪಾಗುತ್ತಾನೆ, ಹೊಟ್ಟೆ ಉರಿಯುತ್ತದೆ.

"ಇವತ್ತ ಕಡೀ ದಿನ ಅಲ್ಲ?" ಎಂದರು ನಮ್ಮವರು.

"ಹೌದು."

"ಮತ್ತ, ಯಾವ ಉದ್ದದ್ದು?"

"ವಿಚಾರ ಮಾಡ್ಲಿಕತ್ತೀನಿ."

"ನೀ ವಿಚಾರ ಮಾಡ್ಲಿಕತ್ತೀ ಅಂದ್ರ ಯಾರಿಗೋ ಕಾದದ," ಎಂದು ಚಹ ಹೀರುತ್ತ ಒಳಗೆ ಹೋದರು. ಧಾರವಾಡದ ಮನುಷ್ಯ. ಚಳಿ ಎಂದರೆ ಸನ್ನಿವೇಲಿನ ದೇವಸ್ಥಾನದ ಕಲ್ಲುನೆಲ ಎಂದು ತಿಳಿದವರು. ಹಿಮವನ್ನು ಕಾರಿನ ಕಿಟಕಿಯಿಂದ ಕೂಡ ನೋಡಲು ಒಪ್ಪುವುದಿಲ್ಲ.

ಕಡೆಯ ದಿನ ಏಕೆಂದು ಹೇಳಬೇಕು. ಬೆಟ್ಟ ಹತ್ತುವ ಟರ್ಬೋ ಸ್ನೋಮೊಬೈಲುಗಳನ್ನು ಅಂಗಡಿಗೆ ಹೋಗಿ ಕೈ ತೋರಿಸಿ ತರಲಾಗುವುದಿಲ್ಲ. ಮುಂದಿನ ಚಳಿಗಾಲದ್ದನ್ನು ಈ ವಸಂತದಲ್ಲೇ ಅಂಗಡಿಗೆ ಹೇಳಿಟ್ಟುಕೊಳ್ಳಬೇಕು; ಅದರ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಹೇಳುವಾಗಲೇ ಪಟ್ಟಿಯ ಉದ್ದವನ್ನೂ ಹೇಳಬೇಕು, ಆಮೇಲೆ ಬದಲಿಲ್ಲ. ಪಟ್ಟಿ ಎಂದರೆ ಗಾಡಿಯ ಹೊಟ್ಟೆಯಡಿ ಸುತ್ತುವ ರಬ್ಬರಿನ ಟ್ರ್ಯಾಕು. ಹಿಟ್ಟಿನ ಗಿರಣಿಯಲ್ಲಿ ಮೋಟಾರಿಗೂ ಚಕ್ರಕ್ಕೂ ಒಂದು ಪಟ್ಟಿ ಇರುತ್ತದಲ್ಲ, ಅದನ್ನೇ ಅಗಲ ಮಾಡಿ, ಮೈತುಂಬ ಮೂರಿಂಚಿನ ಹಲ್ಲು ಮೂಡಿಸಿದಂತೆ ಇರುತ್ತದೆ. ನನ್ನ ಮುಂದಿದ್ದ ಅಳತೆಗಳು ಮೂರು: ನೂರ ನಲವತ್ತಾರು ಇಂಚು, ನೂರ ಐವತ್ತೈದು, ನೂರ ಅರವತ್ತೈದು.

ಉದ್ದದ ಪಟ್ಟಿ ಆಳದ ಹಿಮದ ಮೇಲೆ ತೇಲುತ್ತದೆ, ಕಡಿದಾದ ಇಳಿಜಾರನ್ನು ಹತ್ತುತ್ತದೆ. ಆದರೆ ತಿರುಗಿಸುವಾಗ ಮೈಯೆಲ್ಲ ಹಾಕಿ ಎಳೆಯಬೇಕು. ಗಿಡ್ಡ ಪಟ್ಟಿ ಆಟದ ಕರುವಿನಂತೆ, ಹೇಳಿದ ಕಡೆ ತಿರುಗುತ್ತದೆ. ಆಳದ ಹಿಮ ಬಂತೋ, ನಿಂತಲ್ಲೇ ಸುತ್ತಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಎತ್ತರದ ತೆಳು ಗಾಳಿಯಲ್ಲಿ ಎಂಜಿನ್ನುಗಳು ಮುದುಕರಂತೆ ಏದುಸಿರು ಬಿಡುತ್ತವೆ. ಟರ್ಬೋ ಅವುಗಳ ಬಾಯಿಗೆ ಗಾಳಿ ತುರುಕಿ ಬಲ ಕುಂದದಂತೆ ನೋಡಿಕೊಳ್ಳುತ್ತದೆ. ಆ ಬಲವನ್ನು ಉದ್ದದ ಪಟ್ಟಿಗೆ ಕೊಟ್ಟರೆ ಏರುತ್ತದೆ, ಗಿಡ್ಡದಕ್ಕೆ ಕೊಟ್ಟರೆ ಗುಂಡಿ ಇನ್ನೂ ಬೇಗ ಆಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ರಾಘುವಿಗೆ ಇದನ್ನು ಹೇಳಿಕೊಟ್ಟವಳೇ ನಾನು.

ರಾಘು ಮೈಸೂರಿನವನು. ಕಾರು ತಯಾರಿಸುವ ಕಂಪನಿಯೊಂದರಲ್ಲಿ ನಾನು ಗುಣಮಟ್ಟ ಪರೀಕ್ಷೆಯ ವಿಭಾಗ ನೋಡಿಕೊಳ್ಳುತ್ತಿದ್ದಾಗ ಕೈಕೆಳಗೆ ಸೇರಿದ. ಮೊದಲ ವಾರ 'ಮೇಡಂ', ಎರಡನೆಯ ವಾರ 'ಅಕ್ಕ'. ನಮ್ಮವರನ್ನು ಕೇಳದೆಯೇ ಅವರಿಗೆ 'ಭಾವ' ಎಂದ. ನಾನು ವಾರಾಂತ್ಯಕ್ಕೆ ಸಿಯೆರಾ ಬೆಟ್ಟಗಳಿಗೆ ಸ್ನೋಮೊಬೈಲು ಒಯ್ಯುತ್ತೇನೆಂದು ಕೇಳಿ, "ಅಕ್ಕಾ, ನನ್ನೂ ಕರ್ಕೊಂಡು ಹೋಗಿ, ಸುಮ್ನೆ ನೋಡ್ತೀನಿ" ಎಂದು ಬಂದವನು ಎರಡನೆಯ ಸಲಕ್ಕೆ ನೋಡುವುದನ್ನು ಬಿಟ್ಟು ಓಡಿಸತೊಡಗಿದ.

ನನ್ನ ಜೊತೆ ಬರುವುದು ಸುಲಭವಾಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಐದಕ್ಕೆ ಗಂಟೆ ಹೊಡೆಯುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಹಾಸಿಗೆಯ ಚಾದರ ಮಡಿಸದಿದ್ದರೆ ನಾಷ್ಟಾ ಇಲ್ಲ ಎನ್ನುವ ಹಾಸ್ಟೆಲು. ನಾಲ್ಕಕ್ಕೆ ನೆವಾರ್ಕ್ ಬಿಡಬೇಕು, ಸ್ಟೀಲ್ ಡಬ್ಬಿಯಲ್ಲಿ ಉಪ್ಪಿಟ್ಟು, ಫ್ರೀವೇಯಲ್ಲಿ ಒಂದೇ ನಿಲುಗಡೆ. ಬೆಟ್ಟದ ಬುಡ ತಲುಪಿ ಇಳಿದ ಮೇಲೆ ನಾನು ಸೀಟಿ ಊದುತ್ತಿದ್ದೆ. ಎಲ್ಲರೂ ಸಾಲಾಗಿ ನಿಂತು ಎದೆಗೆ ಕಟ್ಟಿದ ಬೀಕನ್ ತೋರಿಸಬೇಕು. ಹಿಮ ಕುಸಿದು ಯಾರಾದರೂ ಹೂತುಹೋದರೆ ಎಲ್ಲಿದ್ದಾರೆಂದು ಹೇಳುವುದು ಆ ಪುಟ್ಟ ರೇಡಿಯೋ ಒಂದೇ. ರಾಘುವಿನ ಹಿಂದೆ ಅವನ ಆಫೀಸಿನ ಇನ್ನಿಬ್ಬರು ಸೇರಿ ನಾವು ನಾಲ್ವರಾದೆವು. ಅವರು ಬೆನ್ನ ಹಿಂದೆ ನನ್ನನ್ನು 'ವಾರ್ಡನ್' ಎನ್ನುತ್ತಿದ್ದರು. ಕೇಳಿಸಿದಾಗ ನನಗೆ ಹೆಮ್ಮೆಯೇ ಆಯಿತು. ಎಷ್ಟು ದಡ್ಡಿ ನೋಡಿ.

ನನ್ನದು ಇನ್ನೊಂದು ನಿಯಮವಿತ್ತು. ಗುಂಪಿನಲ್ಲಿ ಎಲ್ಲರ ಪಟ್ಟಿಯೂ ಒಂದೇ ಉದ್ದ. ಒಬ್ಬರು ಹೋಗಿ ಸಿಕ್ಕಿಕೊಂಡ ಜಾಗಕ್ಕೆ ಇನ್ನೊಬ್ಬರಿಗೆ ತಲುಪಲಾಗದಿದ್ದರೆ ಆ ಜೊತೆ ಯಾತಕ್ಕೆ? ಹಾಗಾಗಿ ನಾಲ್ವರಿಗೂ ನೂರ ಐವತ್ತೈದು. ನಿವೃತ್ತಿಯಾದಾಗ ನಾಲ್ಕು ಗಾಡಿ ಹಿಡಿಯುವ ಟ್ರೈಲರು ಕೂಡ ಕೊಂಡೆ. ನಮ್ಮವರು ಅದನ್ನು ನೋಡಿ, "ಇದರಾಗ ಒಂದು ಲಗ್ನದ ದಿಬ್ಬಣ ಹೋಗ್ತದ" ಎಂದಿದ್ದರು.

ಎರಡು ವಸಂತಗಳ ಹಿಂದೆ ರಾಘು ಮೈಸೂರುಪಾಕಿನ ಡಬ್ಬಿ ಹಿಡಿದು ಮನೆಗೆ ಬಂದ. ಆ ವರ್ಷ ನಾವೆಲ್ಲ ಟರ್ಬೋಗೆ ಬದಲಾಯಿಸುವುದೆಂದು ಮಾತಾಗಿತ್ತು. ಕೂತು, ಕಾಫಿ ಕುಡಿದು, ಭಾವನ ಮೊಣಕಾಲು ವಿಚಾರಿಸಿ, ಕೊನೆಗೆ ಎಂದ:

"ಅಕ್ಕಾ, ಈ ಸಲ ನೀವು ನೂರ ನಲವತ್ತಾರು ತಗೊಳ್ಳಿ. ಲೈಟಾಗಿರತ್ತೆ, ತಿರುಗಿಸೋಕೆ ಸುಲಭ. ಹೇಗೂ ಟರ್ಬೋ ಇದೆಯಲ್ಲ, ಉದ್ದ ಯಾಕೆ? ಭುಜ ನೋವು ಅಂತಿದ್ರಿ."

"ನೀ ಎಷ್ಟು ತಗೋತೀ?"

"ನೋಡ್ಬೇಕು ಅಕ್ಕ. ಇನ್ನೂ ಡಿಸೈಡ್ ಮಾಡಿಲ್ಲ."

ನನ್ನ ಭುಜ ನೋಯುತ್ತಿದ್ದದ್ದು ನಿಜ. ಗಿಡ್ಡ ಪಟ್ಟಿ ಹಗುರ ಎಂಬುದೂ ನಿಜ. ನನ್ನ ತೂಕಕ್ಕೆ ಅದು ಸಾಕು ಎಂದು ಯಾರಾದರೂ ವಾದಿಸಿದರೆ ಪೂರ್ತಿ ತಪ್ಪೆನ್ನಲಾಗದು. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಕೊನೆಯದನ್ನು ಬಿಟ್ಟು. ನಾನು ಕಲಿಸಿದ ಹುಡುಗ ನನಗೇ ಸಲಹೆ ಕೊಡುವಷ್ಟಾದನಲ್ಲ ಎಂದು ಹಿಗ್ಗಿ, ಮರುದಿನವೇ ಅಂಗಡಿಗೆ ಫೋನು ಮಾಡಿದೆ. ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವವಳಲ್ಲ ನಾನು. ಎಲ್ಲರೂ ಅದನ್ನೇ ತೆಗೆದುಕೊಳ್ಳುತ್ತಾರೆಂದು ನಂಬಿದ್ದೆ, ನಿಯಮ ಇತ್ತಲ್ಲ.

ಡಿಸೆಂಬರಿನಲ್ಲಿ ಬೆಟ್ಟದ ಕೆಳಗೆ ಟ್ರೈಲರಿನ ಬಾಗಿಲು ತೆರೆದು, ನಸುಕಿನ ಕತ್ತಲಲ್ಲಿ ಹುಡುಗರೇ ಏರಿಸಿದ್ದ ಗಾಡಿಗಳನ್ನು ಇಳಿಸಿದಾಗ ನೋಡಿದೆ. ಅವರ ಮೂರೂ ಗಾಡಿಗಳದ್ದು ನೂರ ಅರವತ್ತೈದು, ಪಕ್ಕದಲ್ಲಿ ನನ್ನದು. ದೊಡ್ಡವರ ಪಂಕ್ತಿಯ ಕೊನೆಗೆ ಮಗುವಿಗೆ ಪುಟ್ಟ ಎಲೆ ಹಾಕಿದ ಹಾಗೆ. ಸೀಟಿ ಊದಿದೆ, ಬೀಕನ್ ನೋಡಿದೆ, ಹೊರಟೆವು.

ಎರಡನೆಯ ಏರಿನಲ್ಲೇ ನನ್ನ ಗಾಡಿ ಸೊಂಟದವರೆಗೆ ಇಳಿಯಿತು. ಅವರು ಮೇಲಿಂದ ವಾಪಸು ಬಂದು ಅಗೆದರು. "ಪರವಾಗಿಲ್ಲ ಅಕ್ಕ," ಎಂದರು ಮೂವರೂ. ಮತ್ತೆ ಹೂತೆ. ಮತ್ತೆ ಪರವಾಗಿಲ್ಲ. ಮೂರನೆಯ ಸಲ ರಾಘು ಹೆಲ್ಮೆಟ್ಟು ತೆಗೆದು, ಬಹಳ ಮೃದುವಾಗಿ ಎಂದ: "ಅಕ್ಕಾ, ನೀವು ಇಲ್ಲೇ ಕೆಳಗಡೆ ಬಯಲಲ್ಲಿ ಆಡ್ತಾ ಇರಿ. ನಾವೊಂದು ರೌಂಡ್ ಹೋಗಿ ಬಂದ್ಬಿಡ್ತೀವಿ."

ಆಡ್ತಾ ಇರಿ. ಡೇಕೇರಿನ ಬಾಗಿಲಲ್ಲಿ ತಾಯಂದಿರು ಹೇಳುವ ಮಾತು. ಅವರು ಬರುವವರೆಗೆ ಬಯಲಿನಲ್ಲಿ ಸುತ್ತು ಹಾಕಿದೆ, ಗಾಣದ ಎತ್ತಿನಂತೆ. ಬೇಸರವಾದಾಗ ಎಂಜಿನ್ನು ನಿಲ್ಲಿಸಿ ಉಪ್ಪಿಟ್ಟು ತಿಂದೆ; ಡಬ್ಬಿಯಲ್ಲಿ ನಾಲ್ವರಿಗಾಗುವಷ್ಟಿತ್ತು. ಮಧ್ಯಾಹ್ನ ಅವರು ಇಳಿದು ಬರುವಾಗ ಜೋರಾಗಿ ನಗುತ್ತಿದ್ದರು. ನನ್ನನ್ನು ಕಂಡ ಮೇಲೆ ನಗು ನಿಂತಿತು. ಗುಂಡಿಯಲ್ಲಿ ಹೂತದ್ದನ್ನು ಮರೆತೇನು, ಆ ನಿಂತ ನಗುವನ್ನು ಮರೆಯುವುದಿಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಪೇಪರು ಕೆಳಗಿಳಿಸಿ, "ನಮ್ಮ ಮಂದಿ ಯಾರಿಗೂ ಹೊರಗ ಹೋಗು ಅನ್ನೂದಿಲ್ಲ. ಛೊಲೋ ಕುರ್ಚಿ ಕೊಟ್ಟು ಮೂಲ್ಯಾಗ ಕೂಡಸ್ತಾರ," ಎಂದರು. "ನಿನಗ ಕುರ್ಚಿ ಬಂತು, ತಿಳ್ಕೋ."

ಆಮೇಲಿನದು ಮೊದಮೊದಲು ಫೋನಿನಲ್ಲಿ ಬಂತು. ಈ ವಾರ ಹಿಮಕುಸಿತದ ಭಯ ಜಾಸ್ತಿ ಅಕ್ಕ, ನೀವು ರೆಸ್ಟ್ ಮಾಡಿ. ಈ ವಾರ ನಾವೂ ಹೋಗೋದು ಡೌಟು ಅಕ್ಕ. ಕಳೆದ ಚಳಿಗಾಲದಲ್ಲಿ ಅವರಿಗೆ ಹೊಸಬನೊಬ್ಬ ಸಿಕ್ಕಿದ. ಆಗ ಬಂದ ಮಾತು ಇದು: "ಅಕ್ಕಾ, ಟ್ರೈಲರಲ್ಲಿ ಜಾಗ ಆಗ್ತಿಲ್ಲ."

ಟ್ರೈಲರು ನನ್ನದು.

ಆ ಮಾತು ಹೇಳುವಾಗ ರಾಘು ನಮ್ಮ ಮನೆ ಮುಂದಿನ ಡ್ರೈವ್‌ವೇಯಲ್ಲೇ ನಿಂತಿದ್ದ, ಟ್ರೈಲರನ್ನು ತನ್ನ ಟ್ರಕ್ಕಿಗೆ ಸಿಕ್ಕಿಸುತ್ತ. ನಾನು ಕೊಂಡಿಯ ಪಿನ್ನು ಸರಿಯಾಗಿ ಕೂತಿದೆಯೇ ನೋಡಿ, ಹಿಂದಿನ ದೀಪ ಹತ್ತುತ್ತದೆಯೇ ನೋಡಿ, ಜಾಗ್ರತೆ ಎಂದು ಕಳಿಸಿದೆ. ಒಂದು ಸಲವಲ್ಲ, ಹಿಮ ಬಿದ್ದಾಗಲೆಲ್ಲ. ನಿನಗೆ ನಾನು ಬೇಡವಾದರೆ ಹಾಗೆಂದು ಹೇಳು ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಮೈಸೂರಿನವನಿಗೆ ಹೇಳಲು ಬರದು. ಹುಬ್ಬಳ್ಳಿಯವಳಿಗೂ ಕೇಳಲು ಬರಲಿಲ್ಲ. ನಾವು ನೇರ ಮಾತಿನವರು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇವೆ.

ಇಷ್ಟು ಹೊತ್ತೂ ನಾನು ಗರಾಜಿನಲ್ಲಿ ಪುಟ್ಟ ಸ್ಟೂಲಿನ ಮೇಲೆ ಕೂತು ಆ ಗಿಡ್ಡ ಪಟ್ಟಿಯನ್ನೇ ನೋಡುತ್ತಿದ್ದೆ. ಹಲ್ಲುಗಳು ಸವೆದೇ ಇಲ್ಲ. ಹೇಗೆ ಸವೆಯಬೇಕು? ನೂರ ಅರವತ್ತೈದು ಹೇಳಿ, ಅವರ ಬೆನ್ನ ಹಿಂದೆಯೇ ಏರಿ ತೋರಿಸಲೇ ಎಂದು ಒಂದು ವಾರದಿಂದ ಮನಸ್ಸು ಕುದಿಯುತ್ತಿತ್ತು. ಆದರೆ ಅಷ್ಟುದ್ದದ್ದು ಮಗುಚಿ ಬಿದ್ದರೆ ಎತ್ತಿ ನಿಲ್ಲಿಸಲು ನನ್ನ ಭುಜಕ್ಕಾಗದು, ಅದು ರಾಘು ಹೇಳಿದರೂ ನಿಜ, ಹೇಳದಿದ್ದರೂ ನಿಜ. ನೂರ ನಲವತ್ತಾರು ಎಂದರೆ ಬಯಲು. ಉಳಿದದ್ದು ನನ್ನ ಹಳೆಯ ಅಳತೆ: ನನ್ನ ಕೈಗೆ ತಿರುಗುವಂಥದ್ದು, ಆಳದಲ್ಲಿ ತೇಲುವಂಥದ್ದು. ಒಂಟಿಯಾಗಿ ಏರಬಾರದೆಂಬುದು ನನ್ನದೇ ನಿಯಮ. ಹಾಗಾದರೆ ಜೊತೆ ಯಾರು ಎಂದು ಕೇಳಬೇಡಿ. ಇನ್ನೂ ಯಾರೂ ಇಲ್ಲ. ಆದರೆ ಇನ್ನೊಬ್ಬರು ಕೊಟ್ಟ ಕುರ್ಚಿಯಲ್ಲಿ ಕೂತು ಕಾಯುವುದಕ್ಕಿಂತ ನನ್ನ ಗಾಡಿಯ ಪಕ್ಕದಲ್ಲಿ ನಿಂತು ಕಾಯುವುದು ವಾಸಿ.

ಒಂಬತ್ತಕ್ಕೆ ಅಂಗಡಿ ತೆರೆಯಿತು. ಫೋನು ಮಾಡಿ ಉದ್ದ ಹೇಳಿದೆ. ಎರಡು ನಿಮಿಷದ ಕೆಲಸ.

ಹತ್ತಕ್ಕೆ ರಾಘು ಬಂದ. ಈ ಋತುವಿನ ಕೊನೆಯ ಹಿಮ ಬಿದ್ದಿದೆಯಂತೆ, ನಾಳೆ ಹೋಗುವವರಂತೆ. ಕೈಯಲ್ಲಿ ಡಬ್ಬಿ ಇತ್ತು. ನಮ್ಮವರು ಕಾಫಿ ಮಾಡಿದರು. ಭಾವನ ಮೊಣಕಾಲಿನ ವಿಚಾರಣೆಯಾಯಿತು.

"ಟ್ರೈಲರ್ ತಗೊಂಡು ಹೋಗ್ಲಾ ಅಕ್ಕ? ನಾಳೆ ಸಾಯಂಕಾಲ ವಾಪಸ್ ತಂದ್ಬಿಡ್ತೀನಿ."

"ಅಯ್ಯ, ಈ ಸಲ ಆಗೂದಿಲ್ಲ ನೋಡಪಾ," ಎಂದೆ. "ಚಕ್ರದ ಬೇರಿಂಗಿನ ಕೆಲಸ ಅದ. ಬಿಚ್ಚಬೇಕು. ದಾರ್ಯಾಗ ನಿಮಗ ತೊಂದ್ರಿ ಆಗಬಾರದಲ್ಲ."

ನಮ್ಮವರು ಕಪ್ಪಿನ ಮೇಲಿಂದ ನನ್ನನ್ನು ನೋಡಿದರು. ಬೇರಿಂಗು ಚೆನ್ನಾಗಿರುವುದು ಅವರಿಗೆ ಗೊತ್ತು. ರಾಘುವಿಗೂ ಗೊತ್ತಾಯಿತೆಂದು ಕಾಣುತ್ತದೆ. ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದ. "ಪರವಾಗಿಲ್ಲ ಅಕ್ಕ," ಎಂದ. ಡಬ್ಬಿಯನ್ನು ಭಾವನ ಕಡೆ ಸರಿಸಿ, "ಇವತ್ತು ಆರ್ಡರ್‌ಗೆ ಲಾಸ್ಟ್ ಡೇ. ನೀವೇನ್ ಮಾಡಿದ್ರಿ? ಎಷ್ಟುದ್ದ?"

"ನೋಡಬೇಕು," ಎಂದೆ. "ಇನ್ನೂ ಡಿಸೈಡ್ ಮಾಡಿಲ್ಲ."

ಅವನು ತಲೆ ಬಗ್ಗಿಸಿ ಕಾಫಿ ಮುಗಿಸಿದ. ಹೋಗುವಾಗ ಭಾವನಿಗೆ ನಮಸ್ಕಾರ ಮಾಡಿದ, ನನಗೂ ಮಾಡಿದ. ಅವನ ಟ್ರಕ್ಕು ಖಾಲಿಯಾಗಿ ತಿರುವು ದಾಟುವುದನ್ನು ಕಿಟಕಿಯಿಂದ ನೋಡಿದೆ. ಗೆದ್ದೆ ಅನ್ನಿಸಲಿಲ್ಲ. ಮೂಲೆಯ ಕುರ್ಚಿ ಹಾಕುವುದು ನನಗೂ ಬರುತ್ತದೆಂದು ಗೊತ್ತಾಯಿತು, ಅಷ್ಟೇ.

"ಸುಳ್ಳು ಹೇಳೂದ ಯಾವಾಗ ಕಲ್ತಿ?" ಎಂದರು ನಮ್ಮವರು, ಕಪ್ಪು ತೊಳೆಯುತ್ತ.

ಹಳೆಯ ಅಂಗಿ ಹಾಕಿಕೊಂಡು ಡ್ರೈವ್‌ವೇಗೆ ಹೋದೆ. ಟ್ರೈಲರಿಗೆ ಜ್ಯಾಕು ಕೊಟ್ಟು ಎತ್ತಿದೆ. ಚಕ್ರ ಬಿಚ್ಚಿ, ಬೇರಿಂಗು ತೆಗೆದು, ಯಾವ ದೋಷವೂ ಇಲ್ಲದ ಹಳೆಯ ಗ್ರೀಸನ್ನು ಒರೆಸಿ, ಹೊಸದು ತುಂಬಿದೆ. ಒಂದು ಬದಿಯಾದ ಮೇಲೆ ಇನ್ನೊಂದು. ಭುಜ ನೋಯಿತು. ಕೊನೆಯ ನಟ್ಟು ಬಿಗಿಯಾಗುವ ಹೊತ್ತಿಗೆ ಬಿಸಿಲು ಗರಾಜಿನ ಬಾಗಿಲು ಬಿಟ್ಟು ಹೋಗಿತ್ತು, ನಾನು ಹೇಳಿದ ಮಾತು ನಿಜವಾಗಿತ್ತು. ಕೈ ತೊಳೆದುಕೊಂಡೆ.