ಟೀಚರ್ ಬಿಚ್ಚಿದ ಕವರು

ಮಡಿಲಲ್ಲಿ ಜವಳಿ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರು, ಅದರ ಬಾಯಿಯನ್ನು ಹಿಂಡಿ ಹಿಡಿದ ಸಣಕಲು ಬೆರಳುಗಳು. ಫೋನಿನ ಪರದೆಯಲ್ಲಿ ನನಗೆ ಮೊದಲು ಕಂಡದ್ದು ಅಷ್ಟೆ, ಮುಖ ಕಂಡದ್ದು ಆಮೇಲೆ. ಉಪ್ಪುಂದದ ಕಡೆ ಅಂಗನವಾಡಿ ನಡೆಸಿ ನಿವೃತ್ತರಾದವರು. ರೋಗಿಗಳ ಜೊತೆ ಹೇಗೆ ಮಾತಾಡಬೇಕೆಂದು ವೈದ್ಯರಿಗೆ ಕಲಿಸುವ ಆನ್‌ಲೈನ್ ತರಗತಿಯಲ್ಲಿ ಅವರದು ರೋಗಿಯ ಪಾತ್ರ. ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದೆವು. ಕುಂದಾಪುರದ ಸಣ್ಣ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದ ನನಗೆ, ಮಾತಾಡುವುದನ್ನೂ ಯಾರಾದರೂ ಕಲಿಸಬೇಕೇ ಎಂಬ ಜಂಬ ಬೇರೆ.

ಆ ಜಂಬವನ್ನು ಮೊದಲ ದಿನವೇ ಇಳಿಸಿದರು. ಡ್ಯೂಟಿಯ ನಡುವೆ ಫೋನು ಹಿಡಿದು ನಿಂತಲ್ಲೇ "ನಿಮ್ಮ ಬಯಾಪ್ಸಿ ರಿಪೋರ್ಟು" ಎಂದು ಶುರುಮಾಡಿದ್ದೆ.

"ಹ್ವಾಯ್ ಡಾಕ್ಟ್ರೆ, ನಿತ್ಕಂಡೇ ಹೇಳ್ತ್ರಿಯಾ? ಮೊದ್ಲ್ ಕೂಕಣಿ."

ಅವರ ಗಂಡನ ಕಾಯಿಲೆಯ ಸುದ್ದಿಯನ್ನು ಯಾವುದೋ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರೊಬ್ಬರು ನಿಂತೇ ಹೇಳಿದ್ದರಂತೆ, "ಎಂತದೂ ಆತಿಲ್ಲ" ಎಂದು. ಹನ್ನೊಂದು ದಿನಕ್ಕೆ ಗಂಡ ತೀರಿಕೊಂಡರು. "ಮಕ್ಳ್ ಹತ್ರ ಹೇಳುಕಿದ್ದ್ ಮಾತೆಲ್ಲ ಅವ್ರ್ ಹೊಟ್ಟೆಯೊಳ್ಗೇ ಉಳ್ದ್ ಹೋಯ್ತ್" ಎನ್ನುತ್ತಿದ್ದರು ಟೀಚರ್.

ನಮ್ಮ ಕಡೆ ಮಗು ಬಿದ್ದು ಮಂಡಿ ತರಚಿದರೂ, ಮುದುಕರಿಗೆ ಮೇಲುಸಿರು ಬಂದರೂ ಬಾಯಿಗೆ ಮೊದಲು ಬರುವುದು, ಏನೂ ಆಗುವುದಿಲ್ಲ ಎನ್ನುವ ಆ "ಎಂತದೂ ಆತಿಲ್ಲ"ವೇ. ತರಗತಿಯಲ್ಲಿ ಯಾರಾದರೂ ಹಾಗೆಂದರೆ ಟೀಚರ್ ಕೈಯಲ್ಲಿ ಕವರು ಚರಚರ ಅನ್ನುತ್ತಿತ್ತು. "ಇನ್ನೊಂದ್ ಸಲ ಹೇಳಿ ಕಾಂಬ." ರಿಪೋರ್ಟೆಂದು ಕವರಿನೊಳಗೆ ತುಂಬಿದ್ದು ಬರೀ ಹಳೇ ಪೇಪರು ಎಂದು ಅವರೇ ಹೇಳಿದ್ದರು. ಅದನ್ನು ಅವರು ಎಂದೂ ಬಿಚ್ಚಿದ್ದಿಲ್ಲ.

ಪಾಠ ಮುಗಿದೊಡನೆ ಎದ್ದುಹೋಗಿ ಮುಖ ತೊಳೆಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಆ ರೋಗಿ ನನ್ನೊಟ್ಟಿಗೆ ಅಡ್ಗಿ ಮನಿಗ್ ಬಪ್ಪುಕಾಗ" ಎಂದಿದ್ದರು. ಪಾತ್ರವನ್ನು ನೀರಲ್ಲಿ ತೊಳೆದು ಬಿಡುತ್ತಾರಂತೆ ಎಂದು ನಾನು ನಕ್ಕಿದ್ದೆ.

ಕೊನೆಯ ತರಗತಿಯ ದಿನ ಟೀಚರ್ ಕೆಮ್ಮುತ್ತಿದ್ದರು. ಎಂಥ ಅಭಿನಯ ಎಂದುಕೊಂಡೆ. ಅಂದು ಕವರು ಬಿಚ್ಚಿ, ಎಕ್ಸ್‌ರೇ ಒಂದನ್ನು ತೆಗೆದು ಕ್ಯಾಮರಾಕ್ಕೆ ಹಿಡಿದರು. "ಇದ್ರಗೆ ಎಂತ ಇತ್ತ್ ಕಾಣಿ, ಡಾಕ್ಟ್ರೆ." ಅದನ್ನೂ ಅಭಿನಯವೆಂದೇ ತಿಳಿದೆ. ಎಲ್ಲಿಂದಲೋ ಹಳೇ ಎಕ್ಸ್‌ರೇ ಹುಡುಕಿ ತಂದಿದ್ದಾರೆ ಎಂದು ನೆಟ್ಟಗೆ ನೋಡಲೂ ಇಲ್ಲ. ಹೊರಗೆ ಜನ ಕಾಯುತ್ತಿದ್ದರು, ನಾನು ನಿಂತೇ ಇದ್ದೆ. ನಾಲಗೆಗೆ ರೂಢಿಯಾದ ಮಾತೇ ಬಂತು.

"ಎಂತದೂ ಆತಿಲ್ಲ, ಟೀಚರ್."

ಕವರು ಸದ್ದು ಮಾಡಲಿಲ್ಲ. "ಹೌದಾ" ಎಂದಷ್ಟೇ ಹೇಳಿ ಎಕ್ಸ್‌ರೇಯನ್ನು ಹುಷಾರಾಗಿ ಒಳಗಿಟ್ಟರು. ಮುಖ ತೊಳೆಯಲು ಏಳಲಿಲ್ಲ. ಹಾಗೇ ಕೂತಿದ್ದರು, ನಾನೇ ಫೋನು ಕಟ್ ಮಾಡಿದೆ.

ಎರಡು ತಿಂಗಳ ಮೇಲೆ ಮಗಳ ಹೆಗಲು ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಮಗಳು ಚೀಟಿ ಮಾಡಿಸಲು ಹೊರಗೆ ಹೋದಳು. ಅದೇ ಕವರು, ಒಳಗೆ ಅದೇ ಎಕ್ಸ್‌ರೇ. ಬಲ ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆಯ ಬಿಳಿ ಗುರುತು. ತಾರೀಖು, ಆ ಕೊನೆಯ ತರಗತಿಯ ಹಿಂದಿನ ದಿನದ್ದು.

ನಾನು ಹೇಳಿದೆನೆಂದು ತಡ ಮಾಡಿದಿರಾ ಎಂದು ಕೇಳಿದೆ.

"ನೀವ್ ಹೇಳ್ದ್ರಿ ಅಂದೇಳಿ ಅಲ್ಲ. ನಂಗೂ ಅದನ್ನೇ ಕೇಂಬುಕೆ ಆಸೆ ಇತ್ತ್." ಆಮೇಲೆ ಕಣ್ಣಲ್ಲೇ ಸ್ಟೂಲು ತೋರಿಸಿದರು. "ಈಗ ಕೂಕಣಿ. ಇನ್ನೊಂದ್ ಸಲ ಹೇಳಿ ಕಾಂಬ."

ಕೂತೆ. ಸುಳ್ಳು ಬೆರೆಸದೆ, ಅವಸರ ಮಾಡದೆ ಹೇಳಿದೆ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ಹೊತ್ತು ಅವರೇ ಕಾದರು. "ಈಗ ಸಮ ಆಯ್ತ್" ಎಂದು ನಿಧಾನ ಎದ್ದು, ಮುಖ ತೊಳೆಯಲು ನೀರೆಲ್ಲಿದೆ ಎಂದು ಕೇಳಿದರು.

ಮಳೆಗಾಲ ಮುಗಿಯುವ ಮೊದಲೇ ಟೀಚರ್ ತೀರಿಕೊಂಡರು. ಮಕ್ಕಳಿಗೆ ಹೇಳಬೇಕಾದ್ದನ್ನೆಲ್ಲ ಹೇಳಿಯೇ ಹೋದರಂತೆ. ಮಗಳು ಫೋನು ಮಾಡಿ, "ನಿಮ್ಮಿಂದ ಅಮ್ಮಂಗೆ ಸತ್ಯ ಗೊತ್ತಾಯ್ತ್, ದೊಡ್ಡ ಉಪ್ಕಾರ" ಎಂದಳು. ಆ ಎರಡು ತಿಂಗಳ ವಿಷಯ ಅವಳಿಗೆ ಗೊತ್ತಿಲ್ಲ. ಟೀಚರ್ ಹೇಳಿರಲಿಲ್ಲ, ನಾನೂ ಅಂದು ಹೇಳಲಿಲ್ಲ. ಒಂದು ದಿನ ಉಪ್ಪುಂದಕ್ಕೆ ಹೋಗಿ ಅವಳೆದುರು ಕೂರಬೇಕು.